ಅಂಬಿಗ ದಡ ಸೇರಿದ್ದು

“ಅವನು ಈಜಿ ದಡ ಸೇರಿದ್ನಲ್ಲಾ, ಮತ್ತೆ ಸತ್ತದ್ದು ಯಾವಾಗ?”

ಮಾಸ್ಟರ್ ಹೀಗೆ ಗಟ್ಟಿಯಾಗಿ ಕೇಳಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಸುಮ್ಮನೆ ನಿಂತಿತ್ತು. ಗೂಟಕ್ಕೆ ತೂಗುಹಾಕಿದ್ದ ಅರ್ಧ ಬಿಚ್ಚಿದ ಅಂಗಿಗಳು ಫ್ಯಾನಿನ ಗಾಳಿಗೆ ಒಂದಕ್ಕೊಂದು ತಾಗಿ ಪಿಸುಗುಟ್ಟುತ್ತಿದ್ದವು. ಅವರ ಪ್ರಶ್ನೆಯನ್ನು ಕೇಳಿಸಿಕೊಂಡದ್ದು ಮಡಿಲಲ್ಲಿದ್ದ ಫೋನು ಮಾತ್ರ. ಅದು ಟಿಣ್ ಎಂದು, ಬಹಳ ಮರ್ಯಾದೆಯಿಂದ, “ಕ್ಷಮಿಸಿ, ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ” ಎಂದಿತು.

“ನಿನಗೆಲ್ಲಿ ಅರ್ಥವಾಗ್ಬೇಕು, ಸುಮ್ನಿರು” ಎಂದರು ಮಾಸ್ಟರ್.

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಅಜ್ಜ, ಮಗ, ಮೊಮ್ಮಗ ಮೂವರ ಮೈಗೂ ಬಟ್ಟೆ ಕತ್ತರಿಸಿದ ಕೈ ಅದು. ಎಲ್ಲರಿಗೂ ಅವರು ಟೈಲರ್ ಮಾಸ್ಟರ್. ಕಣ್ಣು ಪೂರ್ತಿ ಹೋಗಿ ವರ್ಷಗಳಾದವು. ಈಗ ಗುಂಡಿ, ಹುಕ್ಕು, ಅಂಚು ಮಡಿಸಿ ಹೊಲಿಯುವುದು, ಇಂಥ ಕೈಯಂದಾಜಿನ ಕೆಲಸ ಅವರದು. ಯಂತ್ರ ತುಳಿಯುವುದು ಸೊಸೆಯದು. ಹೊಸ ಬಟ್ಟೆ ಹೊಲಿಸುವವರು ಅಪರೂಪವಾಗಿದ್ದಾರೆ. ಜನ ಕುಳಿತಲ್ಲೇ ಫೋನಿನಲ್ಲಿ ಅಂಗಿ ಆರಿಸುತ್ತಾರೆ. ಅದನ್ನು ಡಬ್ಬಿಯಲ್ಲಿ ತುಂಬಿ ಮನೆಮನೆಗೆ ತಲುಪಿಸುವವನು ಮಾಸ್ಟರ್ ಮಗ. ತೋಳು ಉದ್ದವಾಯಿತು, ಸೊಂಟ ಸಡಿಲವಾಯಿತು ಎಂದು ಅದೇ ಜನ ಅದೇ ಅಂಗಿಯನ್ನು ಹೊತ್ತು ತರುವುದು ಸೊಸೆಯ ಹತ್ತಿರ. “ಗಂಡ ಕೊಟ್ಟು ಬರ್ತಾನೆ, ಹೆಂಡತಿ ಕತ್ತರಿಸಿ ಇಡ್ತಾಳೆ. ದೇವರು ಹೇಳಿ ಮಾಡಿಸಿದ ಜೋಡಿ” ಎಂದು ಮಾಸ್ಟರ್ ಆಗಾಗ ನಗುವುದುಂಟು.

ಫೋನು ತಂದುಕೊಟ್ಟವನೂ ಮಗನೇ. “ಅಪ್ಪಾ, ಬಾಯಲ್ಲಿ ಹೇಳಿದ್ರೆ ಸಾಕು, ಏನು ಬೇಕಾದ್ರೂ ಓದುತ್ತೆ. ಇನ್ಮೇಲೆ ನೀನು ಯಾರ ದಾರೀನೂ ಕಾಯೋದು ಬೇಡ” ಎಂದು ಅವರ ಬೆರಳು ಹಿಡಿದು ಒತ್ತುವ ಜಾಗ ತೋರಿಸಿದ್ದ. ಮಾಸ್ಟರ್ ಮೊದಲು ನಾಳೆ ಬಿಸಿಲೋ ಮೋಡವೋ ಎಂದು ಕೇಳಿದರು. ಆಮೇಲೆ ಒಂದು ಸ್ತೋತ್ರ ಹೇಳಿಸಿದರು. ಫೋನು ಅದನ್ನು ತಪ್ಪಿಲ್ಲದೆ ಒಪ್ಪಿಸಿತು, ಆದರೆ ಉಸಿರು ತೆಗೆದುಕೊಳ್ಳಲಿಲ್ಲ. ಪದ್ಯ ಓದುವವರು ಎಲ್ಲಿ ಉಸಿರು ನಿಲ್ಲಿಸುತ್ತಾರೋ ಅಲ್ಲಿ ಕೇಳುವವನ ಎದೆಯೂ ನಿಲ್ಲಬೇಕು ಎಂದು ತಾಯಿಯ ತೊಡೆಯ ಮೇಲೆ ಕೇಳಿ ಬೆಳೆದವರು ಅವರು. ಇದಕ್ಕೆ ಪಾಪ, ನಿಲ್ಲುವುದೇ ಗೊತ್ತಿಲ್ಲ. ಹೋಗಲಿ, ನಾವು ಸತ್ತರೂ ಅದು ಓದುತ್ತಲೇ ಇರುತ್ತದೆ ಎಂದುಕೊಂಡರು.

ಆಮೇಲೆ, ಸ್ವಲ್ಪ ನಾಚಿಕೊಂಡೇ, ಮಗನನ್ನು ಕೇಳಿದರು: “ಆ ಅಂಬಿಗನ ಕಥೆ ಸಿಗುತ್ತೇನೋ ಇದರಲ್ಲಿ?”

ಸಿಕ್ಕಿತು. ನಿಂತುಹೋದ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದರು.

ಕಣ್ಣು ಹೋದ ಹೊಸತರಲ್ಲಿ ಸೊಸೆ ವಾರಕ್ಕೊಂದು ಕಂತಿನಂತೆ ಓದಿ ಹೇಳುತ್ತಿದ್ದ ಧಾರಾವಾಹಿ ಅದು. ನದಿಗೆ ಸೇತುವೆಯಾಗಿ ಒಬ್ಬ ಅಂಬಿಗನ ಕೆಲಸ ಹೋಗುತ್ತದೆ. ಸಾಲದೆಂಬಂತೆ ಕಣ್ಣೂ ಹೋಗುತ್ತದೆ. ಒಂದು ಮುಂಜಾನೆ ಅವನು ಹಗ್ಗ ಬಿಚ್ಚಿ, ಒಬ್ಬನೇ ದೋಣಿ ಹತ್ತಿ ನಡುನೀರಿಗೆ ಹೊರಡುತ್ತಾನೆ. ದೋಣಿ ಮಗುಚುತ್ತದೆ. ಅಷ್ಟರಲ್ಲಿ ದಡದ ಮೇಲೊಂದು ನಾಯಿ ಬೊಗಳುತ್ತದೆ. ಆ ಸದ್ದನ್ನೇ ಹಿಡಿದುಕೊಂಡು ಅಂಬಿಗ ಈಜಿ ದಡ ಸೇರುತ್ತಾನೆ. ಅಲ್ಲಿಂದ ಕಥೆಗೆ ಹೊಸ ಚಿಗುರು. ಮನೆಯಿಂದ ನೀರಿನವರೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ನಡೆಯುತ್ತಾನೆ. ಮಕ್ಕಳಿಗೆ ಈಜು ಕಲಿಸುತ್ತಾನೆ. ಸೇತುವೆಯ ಕೆಳಗೆ ಚಹಾ ಅಂಗಡಿ ಇಟ್ಟವಳೊಬ್ಬಳಿದ್ದಾಳೆ. ಬಾಯಿ ಎಂದರೆ ಬೊಂಬಾಯಿ. ಅವಳಿಗೂ ಇವನಿಗೂ ದಿನಾ ಜಗಳ. ಆ ಜಗಳ ಮದುವೆಯಲ್ಲಿ ಮುಗಿಯುತ್ತದೋ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೋ ಎನ್ನುವಾಗ ಪತ್ರಿಕೆ ಅಚ್ಚಾಗುವುದೇ ನಿಂತುಬಿಟ್ಟಿತು. “ಕಥೆ ಅಲ್ಲಿಗೇ ನಿಂತೋಯ್ತು ಮಾವ, ಏನ್ ಮಾಡೋದು” ಎಂದಿದ್ದಳು ಸೊಸೆ. ಆ ಕೊರಗು ಮಾಸ್ಟರಿಗೆ ಹಲ್ಲಿನ ಸಂದಿಯ ನಾರಿನಂತೆ ಉಳಿದುಕೊಂಡಿತ್ತು. ಉಳಿದ ಕಂತುಗಳೇನಾದರೂ ಇದ್ದಾವು ಎಂಬ ಆಸೆಯಿಂದ ಅವರು ಮೊದಲಿನಿಂದ ಕೇಳಲು ಶುರುಮಾಡಿದ್ದರು.

ಇವತ್ತು ಸೊಸೆ ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದಾಗ ಅಂಬಿಗ ದೋಣಿ ಹತ್ತಿದ. ದೋಣಿ ಮಗುಚಿತು. ಮಾಸ್ಟರ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನಾಯಿಗಾಗಿ ಕಿವಿಗೊಟ್ಟು ಕೂತರು. ನಾಯಿ ಬೊಗಳಲಿಲ್ಲ. “ಬೆಳಗಾದಾಗ ಖಾಲಿ ದೋಣಿಯೊಂದೇ ದಡಕ್ಕೆ ಬಂದು ತಾಗಿತು. ಮುಗಿಯಿತು” ಎಂದಿತು ಫೋನು. ನಾಳೆ ಮೋಡ ಎಂದದ್ದೂ ಇದೇ ಧ್ವನಿಯಲ್ಲಿ.

“ಮುಂದಿನ ಕಂತು ಓದು” ಎಂದರು.

“ಮುಂದಿನ ವಾರದಿಂದ ರೋಮಾಂಚಕ ಪತ್ತೇದಾರಿ ಧಾರಾವಾಹಿ” ಎಂದು ಶುರುಮಾಡಿತು. ಅದರ ಬಾಯಿ ಮುಚ್ಚಿಸಿದ ಮೇಲೆ ಅವರು ಗಾಳಿಗೆ ಹಾಕಿದ್ದೇ ಆ ಮೊದಲಿನ ಪ್ರಶ್ನೆ.

ಹಾಗಾದರೆ ಹಗ್ಗ? ಈಜು ಕಲಿತ ಮಕ್ಕಳು? ಆ ಚಹಾ ಅಂಗಡಿಯವಳು? ಆಕೆ ಮೊದಲಿಂದಲೂ ಈ ಕಥೆಯಲ್ಲಿ ಇರಲೇ ಇಲ್ಲವೆಂಬುದು ಮಾಸ್ಟರಿಗೆ ಆಗ ಹೊಳೆಯಿತು. ಅಂಬಿಗ ಸಿಟ್ಟು ಮಾಡಿಕೊಂಡು ಮುಖ ತಿರುಗಿಸಿದಾಗಲೆಲ್ಲ ಆಕೆ, “ಮುನಿಸು ಇರ್ಲಿ, ಮೊದ್ಲು ಹೊಟ್ಟೆಗೆ ಹಾಕ್ಕೋ. ತುಂಬಿದ ಹೊಟ್ಟೇಲಿ ಇನ್ನೂ ಚೆನ್ನಾಗಿ ಮುನಿಸ್ಕೋಬಹುದು” ಎನ್ನುತ್ತಿದ್ದಳು. ತೀರಿಕೊಂಡ ತಮ್ಮ ಹೆಂಡತಿ ಅಕ್ಷರಶಃ ಹೀಗೇ ಅನ್ನುತ್ತಿದ್ದಳಲ್ಲ, ಕಥೆಗಾರನಿಗೆ ಹೇಗೆ ಗೊತ್ತಾಯಿತು ಎಂದು ಅವರು ಆಗಲೇ ಬೆರಗಾಗಿದ್ದರು. ಎಲ್ಲ ಗಂಡಸರ ಮನೆಯಲ್ಲೂ ಒಂದೇ ಪಾಠ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದರು.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ಮಗ ಹೆಲ್ಮೆಟ್ ಕೂಡ ಸರಿಯಾಗಿ ಇಡದೆ ಊಟಕ್ಕೆ ಕೂತ.

“ಏನಪ್ಪಾ, ಎಲ್ಲಿಗೆ ಬಂದ ನಿನ್ನ ಅಂಬಿಗ?”

“ಬರ್ತಾ ಇದಾನೆ” ಎಂದರು ಮಾಸ್ಟರ್. ಬಡಿಸುತ್ತಿದ್ದ ಸೌಟು ಪಾತ್ರೆಯ ಅಂಚಿಗೆ ಕಟಕ್ಕೆಂದು ತಾಗಿದ್ದು ಕೇಳಿಸಿತು.

“ಯಾವ ಅಂಬಿಗ?” ಎಂದಳು ಸೊಸೆ.

“ಅದೇ ಕಣೇ, ನೀನು ಓದ್ತಿದ್ಯಲ್ಲ. ಎಲ್ಲಾ ಫೋನಲ್ಲಿದೆ. ಇನ್ಮೇಲೆ ನಿನಗೂ ಸಂಜೆ ಪುಸ್ತಕ ಹಿಡ್ಕೊಂಡು ಕೂರೋದು ತಪ್ಪಿತು. ಆ ಹೊತ್ತಲ್ಲಿ ನಾಲ್ಕು ಪ್ಯಾಂಟು ಕತ್ತರಿಸ್ಬಹುದು.”

“ಹೌದು, ಒಳ್ಳೇದೇ ಆಯ್ತು” ಎಂದಳು. ಅವಳ ಧ್ವನಿ ಒಗೆದು ಹಿಂಡಿದ ಬಟ್ಟೆಯಂತಿತ್ತು. ಮಗನಿಗೆ ಅದು ತಿಳಿಯಲಿಲ್ಲ; ಅವನಿಗೆ ಆಗಲೇ ಇನ್ನೊಂದು ಡಬ್ಬಿಯ ಕರೆ ಬಂದಿತ್ತು.

ಮಾಸ್ಟರ್ ತಟ್ಟೆಯಲ್ಲೇ ಕೈ ಆಡಿಸುತ್ತ ಕೂತರು. ಅವರ ಎದೆಯಲ್ಲಿ ಸಿಟ್ಟು ಎದ್ದದ್ದು ಸುಳ್ಳಲ್ಲ. ಹಗ್ಗ, ಅಂಗಡಿ, ಜಗಳ, ಎಲ್ಲ ಕಟ್ಟುಕಥೆ! ಬರೀ ಕಾಗದ ಮಗುಚುತ್ತ, ಸೊಸೆ ಇಲ್ಲದ್ದನ್ನು ಇದ್ದಂತೆ ಓದಿದಳಲ್ಲ. “ಈ ವಾರ ಪತ್ರಿಕೆ ಬಂದಿಲ್ಲ ಮಾವ, ಅಚ್ಚುಕೂಟದಲ್ಲಿ ಮುಷ್ಕರವಂತೆ” ಎನ್ನುತ್ತಿದ್ದುದು ಅವಳಿಗೆ ಕಥೆ ಹೊಳೆಯದ ವಾರಗಳಲ್ಲಿ ಇರಬೇಕು. ಎಷ್ಟು ಮುಷ್ಕರ! ಪಾಪ ಆ ಕೆಲಸಗಾರರನ್ನು ತಾವು ಎಷ್ಟು ಬೈದಿದ್ದರು! ಕುರುಡನ ಮುಂದೆ ಕನ್ನಡಿ ಹಿಡಿದು, ಚೆನ್ನಾಗಿ ಕಾಣ್ತೀರಿ ಎಂದಂತಾಯಿತಲ್ಲ ಇದು. ಹಾಗಾದರೆ ದಿನಾ ಓದುವ ಸುದ್ದಿಪತ್ರಿಕೆ? ಡಾಕ್ಟರ ಚೀಟಿ? ತಂಗಿ ಬರೆದ ಕಾಗದ? ಅವುಗಳಲ್ಲೂ ಎಲ್ಲೆಲ್ಲಿ ನಾಯಿ ಬೊಗಳಿಸಿದ್ದಾಳೋ!

ಕೈ ತೊಳೆದುಕೊಳ್ಳಲು ಏಳುವಾಗ ಎಂದಿನಂತೆ ಅವರ ಬೆರಳು ಗೋಡೆ ಸವರಿತು, ಮೊಳೆ ತಾಗಿತು. ಮಂಚದ ಕಾಲಿನಿಂದ ಈ ಮೊಳೆಗೆ, ಮೊಳೆಯಿಂದ ಯಂತ್ರಕ್ಕೆ, ಯಂತ್ರದಿಂದ ಬಚ್ಚಲಿಗೆ ಒಂದು ಕಾಲದಲ್ಲಿ ಹಿಡಿದು ನಡೆಯಲು ಬಟ್ಟೆಯ ಪಟ್ಟಿ ಕಟ್ಟಿತ್ತು. ಅಂಬಿಗ ಹಗ್ಗ ಕಟ್ಟಿದ ಕಂತು ಕೇಳಿದ ಮಾರನೆಯ ದಿನ ತಾವೇ ಕೇಳಿ ಕಟ್ಟಿಸಿಕೊಂಡದ್ದು. ಈಗ ಪಟ್ಟಿ ಬೇಕಿಲ್ಲ, ಕಾಲಿಗೆ ಮನೆ ಬಾಯಿಪಾಠವಾಗಿದೆ. ಮೊಳೆ ಮಾತ್ರ ಉಳಿದಿದೆ.

ಅದಕ್ಕೂ ಮುಂಚಿನ ದಿನಗಳು ನೆನಪಾದವು. ಗೋಡೆಗೆ ಮುಖ ಮಾಡಿ ಮಲಗಿದ್ದರು. ಗಡ್ಡ ಬೆಳೆದಿತ್ತು, ತಟ್ಟೆ ಹಾಗೇ ವಾಪಸು ಹೋಗುತ್ತಿತ್ತು. ಒಂದು ದಿನ, “ನನ್ನ ದೊಡ್ಡ ಕತ್ತರಿ ಎಲ್ಲಿದೆಯಮ್ಮಾ?” ಎಂದು ಕೇಳಿದ್ದರು. ಸೊಸೆ, “ಸಾಣೆಗೆ ಕೊಟ್ಟಿದೀನಿ ಮಾವ” ಎಂದಿದ್ದಳು. ಆ ಸಾಣೆಯವನ ಹತ್ತಿರ ಕತ್ತರಿ ಚಳಿಗಾಲವಿಡೀ ಇತ್ತು. ದೋಣಿ ಮಗುಚಿದ ಕಂತು ಬಂದದ್ದು ಅದೇ ವಾರ. ಓದುತ್ತ ಓದುತ್ತ ಅವಳು ನಿಂತಳು, ಕೆಮ್ಮಿದಳು, ನೀರು ಕುಡಿದು ಬರುತ್ತೇನೆಂದು ಎದ್ದುಹೋದಳು. ತಿರುಗಿ ಬಂದು ಕೂತಾಗ ನಾಯಿ ಬೊಗಳಿತು.

ಹಳೆಯ ಗಿರಾಕಿಯೊಬ್ಬ ನೆನಪಿಗೆ ಬಂದ. ಹುಟ್ಟಿನಿಂದ ಅವನ ಒಂದು ಭುಜ ಇಳಿಜಾರು. ಮದುವೆಗೆ ಕೋಟು ಹೊಲಿಸಲು ಬಂದಿದ್ದ. ಟೇಪು ಹೇಳಿದಂತೆ ಹೊಲಿದಿದ್ದರೆ ಕೋಟೂ ಇಳಿಜಾರೇ ಆಗುತ್ತಿತ್ತು. ಮಾಸ್ಟರ್ ಬಾಯಿ ಬಿಡದೆ, ಒಳಗಡೆ ಆ ಬದಿಗೆ ಎರಡು ಪದರ ಹತ್ತಿ ಇಟ್ಟು, ಮೇಲೆ ಒಳಬಟ್ಟೆಯ ಅಸ್ತರು ಮುಚ್ಚಿದ್ದರು. ಕನ್ನಡಿಯ ಮುಂದೆ ನಿಂತವನು ತನ್ನನ್ನು ತಾನೇ ಅತ್ತ ಇತ್ತ ತಿರುಗಿ ನೋಡಿಕೊಂಡ, ಆಮೇಲೆ ನೆಟ್ಟಗೆ ನಿಂತ. ಕೋಟು ಕಳಚಿದ ಮೇಲೂ ಬೀದಿಯಲ್ಲಿ ಅವನು ನೆಟ್ಟಗೇ ನಡೆಯುತ್ತಿದ್ದ. ಅವನಿಗೆ ಹತ್ತಿಯ ಸಂಗತಿ ಅವರು ಎಂದೂ ಹೇಳಲಿಲ್ಲ. ಈಗ ಯಾರಾದರೂ ಅಸ್ತರು ಬಿಚ್ಚಿ ಅವನಿಗೆ ತೋರಿಸಿದರೆ?

ದೇವರೇ, ಎಂದುಕೊಂಡರು ಮಾಸ್ಟರ್. ನನ್ನ ಅಸ್ತರನ್ನು ಬಿಚ್ಚಿದ್ದು ಈ ಫೋನು.

ಸಂಜೆ ಸೊಸೆ ದೀಪ ಹಾಕಿದಳು. ಸ್ವಿಚ್ಚಿನ ಸದ್ದಿನಿಂದ ಅವರಿಗೆ ಗೊತ್ತಾಯಿತು. ದಿನಾ ಈ ಹೊತ್ತಿಗೆ ಅವಳು ಪುಸ್ತಕ ಹಿಡಿದು ಅವರ ಮಂಚದ ಪಕ್ಕ ಸ್ಟೂಲು ಎಳೆಯುತ್ತಿದ್ದಳು. ಇವತ್ತು ಸ್ಟೂಲು ಅಲುಗಾಡಲಿಲ್ಲ. ಯಂತ್ರ ಕಟಕಟ ಶುರುವಾಯಿತು.

“ಇವತ್ತು ಓದೋದಿಲ್ವೇನಮ್ಮಾ?”

“ಫೋನಿದೆಯಲ್ಲ ಮಾವ” ಎಂದಳು, ಯಂತ್ರ ನಿಲ್ಲಿಸದೆ. “ನನಗಿಂತ ಚೆನ್ನಾಗಿ ಓದುತ್ತೆ. ಕೆಮ್ಮೋದಿಲ್ಲ, ಆಕಳಿಸೋದಿಲ್ಲ.”

“ಮುಷ್ಕರಾನೂ ಮಾಡೋದಿಲ್ಲ.”

ಯಂತ್ರ ನಿಂತಿತು. ಹೊರಗೆ ಯಾವುದೋ ಸ್ಕೂಟರು ಹಾದುಹೋಯಿತು.

“ಗೊತ್ತಾಯ್ತಾ?” ಎಂದಳು ಮೆಲ್ಲಗೆ.

“ಗೊತ್ತಾಯ್ತು. ಬಾ ಇಲ್ಲಿ.”

ಸ್ಟೂಲು ನೆಲವನ್ನು ಗೀರಿತು. ಅವಳು ಬಂದು ಕೂತಳು. ನೂಲಿನ, ಯಂತ್ರದ ಎಣ್ಣೆಯ ವಾಸನೆ ಬಂತು.

“ಬೈದುಬಿಡಿ ಮಾವ. ಹೀಗೆ ಸುಮ್ನೆ ಕೂರ್ಬೇಡಿ.”

“ಆ ಚಹಾ ಅಂಗಡಿಯವಳು ನಿಮ್ಮ ಅತ್ತೆ ತಾನೇ?”

“ಮತ್ತಿನ್ಯಾರು? ಒಬ್ಬ ಗಂಡಸನ್ನ ಎಬ್ಬಿಸಿ ಕೂರಿಸ್ಬೇಕು ಅಂದ್ರೆ ನನಗೆ ಬೇರೆ ಯಾರು ಗೊತ್ತಿದ್ರು?”

ಮಾಸ್ಟರಿಗೆ ನಗು ಬಂತು. ಅವರು ತಡಕಾಡಿ ಫೋನನ್ನು ಎತ್ತಿ ಅವಳ ಕೈಗೆ ಕೊಟ್ಟರು.

“ಸುದ್ದಿಪತ್ರಿಕೇಲೂ ಸೇರಿಸಿ ಓದ್ತೀಯಾ?”

“ದೇವರಾಣೆಗೂ ಇಲ್ಲ. ಒಂದೊಂದ್ಸಲ ಬಿಟ್ಟಿದೀನಿ, ಸೇರಿಸಿಲ್ಲ.”

“ಸರಿ. ಈಗ ಇದನ್ನ ಓದು. ಆ ಕೊನೇ ಕಂತು. ಇದ್ದದ್ದು ಇದ್ದ ಹಾಗೆ, ಒಂದಕ್ಷರ ಬಿಡದೆ.”

“ಈಗಾಗಲೇ ಕೇಳಿದೀರಲ್ಲ ಮಾವ.”

“ಅದು ಹೇಳಿದ್ದು ಕಿವಿಗೆ ಬಿತ್ತು, ಒಳಗೆ ಇಳೀಲಿಲ್ಲ. ನನಗೆ ಆ ಕಥೆ ಅಂದ್ರೆ ನಿನ್ನ ಬಾಯಲ್ಲಿ ಬಂದದ್ದು. ನೀನು ಓದಿದ್ರೆ ಅವನು ಸತ್ತ ಅಂತ ನಂಬ್ತೀನಿ. ಯಾವುದು ಸುಳ್ಳು, ಯಾವುದು ನಿಜ, ಒಂದು ಲೆಕ್ಕಕ್ಕೆ ಬರ್ಲಿ. ಓದಮ್ಮಾ.”

ಅವಳು ಓದತೊಡಗಿದಳು. ಅಂಬಿಗ ಮುಂಜಾನೆ ಎದ್ದ. ಬಾಗಿಲು ಎಳೆದುಕೊಂಡ. ಹಗ್ಗ ಬಿಚ್ಚಿದ. ಅದೇ ಮಾತುಗಳು, ಮಧ್ಯಾಹ್ನಕ್ಕೆ ಮುಂಚೆ ಫೋನು ಹೇಳಿದವೇ. ಆದರೆ ಈಗ ನೀರು ತಣ್ಣಗಿತ್ತು, ಹುಟ್ಟಿಗೆ ಭಾರವಿತ್ತು. ಅಂಬಿಗ ದಡ ಬಿಟ್ಟಾಗ ಅವಳು ಉಸಿರು ನಿಲ್ಲಿಸಿದಳು, ಮಾಸ್ಟರ ಎದೆಯೂ ನಿಂತಿತು. ದೋಣಿ ವಾಲಿತು. ಮಗುಚಿತು.

ಅವಳು ಅಲ್ಲಿಗೆ ನಿಲ್ಲಿಸಿದಳು.

“ಮುಂದೆ?” ಎಂದರು ಮಾಸ್ಟರ್.

ಸ್ಟೂಲು ಕಿರುಗುಟ್ಟಿತು.

“ಹೆದರ್ಬೇಡಮ್ಮಾ. ಆವತ್ತಿನ ಹಾಗಲ್ಲ, ಇವತ್ತು ಊಟ ಮಾಡಿದೀನಿ. ಓದು, ಎರಡೇ ಸಾಲು ಇರೋದು.”

ಅವಳು ಫೋನನ್ನು ಮಂಚದ ಮೇಲೆ, ಅವರ ಕೈಗೆ ತಾಗುವಂತೆ ಇಟ್ಟಳು.

“ಬೇಕಾದ್ರೆ ಅದರ ಹತ್ರ ಓದಿಸ್ಕೊಳ್ಳಿ ಮಾವ, ಎಷ್ಟು ಸಲ ಬೇಕಾದ್ರೂ. ನಾನು ಓದಲ್ಲ. ನನ್ನ ಬಾಯಲ್ಲಿ ಅವನು ಸಾಯೋದಿಲ್ಲ.”