ನೂರ ಮೂವತ್ತಕ್ಕೆ ಮುಗಿಸಿ

ಬರಗೂರಿನ ದೊಡ್ಡರಂಗಪ್ಪ ಯಾವುದನ್ನೂ ಮೊದಲು ಹೇಳಿದ ರೇಟಿಗೆ ಒಪ್ಪಿಕೊಂಡವನಲ್ಲ. ಶಿರಾದ ಕುರಿ ಸಂತೆಯಲ್ಲಿ ದಲ್ಲಾಳಿ ಕೆಲಸ ಮಾಡಿ ಮಾಡಿ ಆ ಗುಣ ಮೈಗೇ ಹತ್ತಿಬಿಟ್ಟಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವ ಮುಂಚೆ ಒಂದು ಮಾತು ಚೌಕಾಸಿ ಮಾಡುತ್ತಿದ್ದ. ಇಳಿಯುವುದಿಲ್ಲ ಎಂದು ಗೊತ್ತಿದ್ದರೂ ಮಾಡುತ್ತಿದ್ದ. ಮಗಳ ಮದುವೆಗೆ ಪುರೋಹಿತರು ಬೆಳಗಿನ ಐದೂಕಾಲರ ಮುಹೂರ್ತ ಇಟ್ಟಾಗ, ‘ಎಂಟಕ್ಕೆ ಮಾಡ್ಕೊಡಿ ಸ್ವಾಮಿ, ಯಾಕೆ ಸುಮ್ಕೆ’ ಎಂದು ಕೂತಿದ್ದ. ಕೊನೆಗೆ ಆರೂವರೆಗೆ ಕುದುರಿತು.

ಸಂತೆಯಲ್ಲಿ ಅವನ ಬಂಡವಾಳವೆಂದರೆ ಹೆಗಲ ಮೇಲಿನ ಟವಲು ಮತ್ತು ಬಲಗೈ ಬೆರಳುಗಳು. ಅಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಅಡಿಯಲ್ಲಿ ಕೈ ಹಿಡಿದುಕೊಳ್ಳುತ್ತಾರೆ. ಯಾವ ಬೆರಳು ಒತ್ತಿದರೆ ಎಷ್ಟು, ಬೆರಳ ತುದಿ ಚಿವುಟಿದರೆ ಎಷ್ಟು ಎಂಬುದೆಲ್ಲ ಬಟ್ಟೆಯೊಳಗೇ ನಡೆಯುತ್ತದೆ. ಮುಷ್ಟಿ ಬಿಗಿದರೆ ಇನ್ನು ಇಳಿಸುವುದಿಲ್ಲ ಎಂದರ್ಥ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ದೊಡ್ಡರಂಗಪ್ಪನ ಮುಖ ನೋಡಿ ಏನಾದರೂ ತಿಳಿದುಕೊಂಡವನು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಈ ವಿದ್ಯೆ ಕಲಿಸಿದ್ದು ಅವನ ಹೆಂಡತಿ ಲಕ್ಕಮ್ಮನ ಅಣ್ಣ ಸಂಜೀವಯ್ಯ. ಒಂದು ಕಾಲಕ್ಕೆ ಸಂತೆಯಲ್ಲಿ ಅವನನ್ನು ಮೀರಿಸುವ ಬೆರಳು ಇರಲಿಲ್ಲ. ಆಗಾಗ ತಲೆ ಸುತ್ತುತ್ತದೆ ಎನ್ನುತ್ತಿದ್ದ. ಪಿತ್ತ ಇರಬೇಕೆಂದು ನಿಂಬೆಹಣ್ಣು ಹಿಂಡಿ ಕುಡಿಯುತ್ತಿದ್ದ. ಹೋದ ವರ್ಷ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಬಿ.ಪಿ. ವರ್ಷಗಟ್ಟಲೆ ಏರಿಕೊಂಡೇ ಇದ್ದಿರಬೇಕು, ಒಮ್ಮೆಯಾದರೂ ಅಳೆಸಿದ್ದರೆ ಗೊತ್ತಾಗುತ್ತಿತ್ತು ಎಂದರು ತುಮಕೂರಿನ ಡಾಕ್ಟರು. ಇದರಿಂದ ಲಕ್ಕಮ್ಮ ಒಂದು ಪಾಠ ಕಲಿತಳು. ದೊಡ್ಡರಂಗಪ್ಪ ಆ ಮಾತು ಬಂದಾಗಲೆಲ್ಲ ಕೊಟ್ಟಿಗೆ ಕಡೆ ಎದ್ದು ಹೋಗುವುದನ್ನು ಕಲಿತ.

ಅವನು ಹೋಗಲಿ ಎಂದು ಲಕ್ಕಮ್ಮ ಬಿಡಲಿಲ್ಲ. ಒಂದು ದಿನ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಉಪ್ಪಿನಕಾಯಿ ಇಲ್ಲದೆ ದೊಡ್ಡರಂಗಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

‘ಬಿ.ಪಿ. ಅಳೆಸ್ಕಂಡ್ ಬಾ. ಸರಿಯಾಗಿದ್ರೆ ಜಾಡಿ ಈಚೆಗ್ ಬತ್ತದೆ,’ ಎಂದಳು.

‘ಎಷ್ಟಿದ್ರೆ ಸರಿ?’

‘ನೂರ ಮೂವತ್ತರ ಒಳಗಿದ್ರೆ ಒಳ್ಳೇದಂತೆ. ದಾಸಮ್ಮ ಅಂದ್ಲು.’

ದಾಸಮ್ಮ ಊರಿನ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರೆಲ್ಲ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳುವುದು ಅವಳ ಕೆಲಸ. ದೊಡ್ಡರಂಗಪ್ಪ ಮೂವತ್ತು ದಾಟಿ ಇಪ್ಪತ್ತೈದು ವರ್ಷವಾಗಿತ್ತು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರಟ.

ಅಲ್ಲಿದ್ದ ಆರೋಗ್ಯ ಅಧಿಕಾರಿ ತೇಜಸ್ವಿನಿ ಕೊರಟಗೆರೆ ಕಡೆಯವಳು. ಅಪ್ಪ ಮೇಷ್ಟ್ರು, ಮನೆಯಲ್ಲಿ ಕುರಿ ಇರಲಿಲ್ಲ. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಮಿಷನ್ ಒತ್ತಿದಳು. ಪಟ್ಟಿ ಉಬ್ಬಿತು, ಬುಸ್ಸೆಂದು ಇಳಿಯಿತು.

‘ನೂರ ಅರವತ್ನಾಕು, ನೂರ ಎರಡು. ಜಾಸ್ತಿ ಇದೆ ಯಜಮಾನ್ರೆ.’

ದೊಡ್ಡರಂಗಪ್ಪನ ಮುಖ ಅಲುಗಲಿಲ್ಲ. ಮೊದಲು ಹೇಳುವ ರೇಟು ಯಾವಾಗಲೂ ಜಾಸ್ತಿಯೇ ಇರುತ್ತದೆ, ಅದಕ್ಕೆ ಹೆದರುವವನು ಸಂತೆಗೆ ಹೋಗಬಾರದು. ಹೆಗಲ ಟವಲು ತೆಗೆದು ಬಲಗೈ ಮೇಲೆ ಹೊದಿಸಿ, ಅವಳ ಕಡೆ ಚಾಚಿ ಸುಮ್ಮನೆ ಕೂತ.

ತೇಜಸ್ವಿನಿ ಟವಲು ನೋಡಿದಳು. ‘ಚಳಿ ಆಗ್ತಿದೆಯಾ? ಫ್ಯಾನ್ ಆಫ್ ಮಾಡ್ಲಾ?’

‘ಚಳಿ ಎಲ್ಲಿ ಬಂತು ಮೇಡಂನೋರೆ. ಮಾತಾಡಣ ಅಂತ. ನೀವ್ ಅರವತ್ನಾಕು ಅಂತೀರ, ನಾನ್ ಇಪ್ಪತ್ತು ಅಂತೀನಿ. ಇಬ್ರಿಗೂ ಬ್ಯಾಡ, ನೂರ ಮೂವತ್ತಕ್ಕೆ ಮುಗ್ಸಿ.’

ಮೂಲೆಯಲ್ಲಿ ಕೂತಿದ್ದ ದಾಸಮ್ಮ ಹಣೆ ಚಚ್ಚಿಕೊಂಡಳು. ‘ಅಣ್ಣಯ್ಯ, ಇದು ಕುರಿ ಅಲ್ಲ ಕಣಣ್ಣಯ್ಯ.’

‘ಕುರಿ ಅಲ್ಲ ಅಂತ ನಂಗೂ ಗೊತ್ತು ಕಣಮ್ಮ. ಕುರಿಯಾಗಿದ್ರೆ ನಿಮ್ಮ ಮೇಡಮ್ಮು ಹಲ್ಲು ನೋಡ್ತಿದ್ರು, ತೋಳು ಹಿಚುಕ್ತಿರ್ಲಿಲ್ಲ.’

ತೇಜಸ್ವಿನಿ ನಗು ನುಂಗಿಕೊಂಡಳು. ‘ಐದು ನಿಮಿಷ ಮಾತಾಡ್ದೆ ಕೂತ್ಕೊಳ್ಳಿ. ಪಾದ ನೆಲದ ಮೇಲಿರ್ಲಿ, ಕಾಲ್ ಮೇಲೆ ಕಾಲ್ ಹಾಕ್ಬೇಡಿ. ಇನ್ನೊಂದ್ಸಲ ನೋಡೋಣ.’

ದೊಡ್ಡರಂಗಪ್ಪ ಐದು ನಿಮಿಷ ಮೌನವಾಗಿದ್ದ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ದಾಸಮ್ಮ ಹಿಂದೆಂದೂ ಕಂಡಿರಲಿಲ್ಲ. ಮಿಷನ್ ಮತ್ತೆ ಬುಸ್ಸೆಂದಿತು.

‘ನೂರ ಐವತ್ತೆಂಟು, ತೊಂಬತ್ತೆಂಟು.’

‘ನೋಡ್ದಾ ದಾಸಮ್ಮ? ಆರು ಇಳುದ್ರು.’ ದೊಡ್ಡರಂಗಪ್ಪ ಎದ್ದು ನಿಂತ. ಮಾರುವವನು ಒಂದು ಸಲ ಇಳಿದನೆಂದರೆ ಇನ್ನೂ ಇಳಿಯುತ್ತಾನೆ. ಅದಕ್ಕೆ ಬೇಡವೆಂದು ಎದ್ದು ಹೋಗಬೇಕು, ಅವನೇ ಹಿಂದಿನಿಂದ ಕೂಗುತ್ತಾನೆ. ಟವಲು ಹೆಗಲಿಗೆ ಎಸೆದುಕೊಂಡು ಬಾಗಿಲು ದಾಟಿದ. ಯಾರೂ ಕೂಗಲಿಲ್ಲ. ರಸ್ತೆಯಾಚೆಯ ಬೇವಿನ ಮರದವರೆಗೆ ದಾಪುಗಾಲು ಹಾಕಿ ನಡೆದ. ಆಗಲೂ ಕೂಗಲಿಲ್ಲ. ಮರಕ್ಕೆ ಒಂದು ಸುತ್ತು ಹೊಡೆದು, ಏನೋ ಮರೆತವನಂತೆ ವಾಪಸು ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತು, ‘ಕೊನೇ ಮಾತು ಹೇಳಿ’ ಎಂದು ತಾನೇ ತೋಳು ಚಾಚಿದ.

‘ಈಗ್ತಾನೇ ನಡ್ಕೊಂಡು ಬಂದಿದೀರಿ, ಈಗ ನೋಡ್ಬಾರ್ದು.’

‘ಸೌದಾ ಬಿಸಿ ಇದ್ದಾಗ್ಲೇ ಮುಗುಸ್ಬೇಕು ಮೇಡಂನೋರೆ.’

ಅವನು ಬಿಡಲಿಲ್ಲ, ಅವಳು ಪಟ್ಟಿ ಸುತ್ತಿದಳು. ನೂರ ಎಪ್ಪತ್ತು.

ದೊಡ್ಡರಂಗಪ್ಪ ಬೆರಗಾಗಿ ನೋಡಿದ. ‘ಇದ್ಯಾವ ನ್ಯಾಯ? ಎದ್ದು ಹೋದ್ರೆ ಜಾಸ್ತಿ ಮಾಡ್ತೀರಲ್ಲ.’

‘ಅದಕ್ಕೇ ಸುಮ್ನೆ ಕೂತ್ಕೊಳ್ಳಿ ಅಂದಿದ್ದು. ಒಂದೇ ದಿನದ ಲೆಕ್ಕಕ್ಕೆ ಬಿ.ಪಿ. ಕಾಯಿಲೆ ಅಂತ ಹೇಳೋಕಾಗಲ್ಲ. ಇನ್ನೊಂದಿನ ಬನ್ನಿ, ಮತ್ತೆ ನೋಡ್ತೀನಿ. ಆಗ್ಲೂ ಹಿಂಗೇ ಇದ್ರೆ ಡಾಕ್ಟರ್ ಹತ್ರ ಕಳಿಸ್ತೀನಿ.’

ಇನ್ನೊಂದಿನ ಬನ್ನಿ ಎಂದರೆ ಮಾತು ಇನ್ನೂ ಮುಗಿದಿಲ್ಲ ಎಂದು; ಮುಗಿಯದ ಮಾತನ್ನು ತನ್ನ ರೇಟಿಗೇ ಮುಗಿದಂತೆ ಹೇಳಿಕೊಂಡು ತಿರುಗುವುದು ದಲ್ಲಾಳಿಗಳಿಗೆ ಹೊಸದಲ್ಲ. ಮನೆಗೆ ಬಂದವನೇ ಚಪ್ಪಲಿ ಬಿಡುತ್ತ, ‘ಮುಗೀತು ಕಣೆ. ನೂರ ಮೂವತ್ತು’ ಎಂದ.

ಲಕ್ಕಮ್ಮ ಅವನ ಮುಖ ನೋಡಿದಳು. ಅಲ್ಲಿ ಎಂದಿನಂತೆ ಏನೂ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ಆ ಮಧ್ಯಾಹ್ನ ದೊಡ್ಡರಂಗಪ್ಪ ಎರಡು ಮುದ್ದೆ ಉಂಡ, ಉಪ್ಪಿನಕಾಯಿಯ ಹೋಳನ್ನು ಕಣ್ಣು ಮುಚ್ಚಿಕೊಂಡು ಚೀಪಿದ. ಕೈ ತೊಳೆಯಲು ಏಳುವಾಗ ಒಂದು ಸಲ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದುಕೊಂಡ. ನಿಂಬೆಹಣ್ಣು ಇದೆಯಾ ಎಂದು ಹೆಂಡತಿಯನ್ನು ಕೇಳಲು ಬಾಯಿ ತೆರೆದವನು, ಆ ಮಾತನ್ನು ಯಾರ ಬಾಯಲ್ಲಿ ಕೇಳಿದ್ದೆನೆಂದು ನೆನಪಾಗಿ ತೆರೆದ ಬಾಯಿ ಮುಚ್ಚಿದ.

ಸಂಜೆ ಭಾವನ ಮನೆಗೆ ಹೋದ. ಸಂಜೀವಯ್ಯ ಜಗಲಿಯ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಪಕ್ಕದ ಮನೆಯವರ ಮಗುವನ್ನು ಎತ್ತಿಡುವಂತೆ.

‘ಎಷ್ಟಕ್ಕೆ ಕುದುರ್ತು ಬಿ.ಪಿ.?’ ಎಂದು ಕೇಳಿದ. ಊರಿಗೆಲ್ಲ ಆಗಲೇ ದಾಸಮ್ಮ ಹೇಳಿ ಮುಗಿಸಿದ್ದಳು.

‘ಇನ್ನೂ ಮಾತಲ್ಲೈತೆ ಭಾವ.’

‘ಟವಲು ಹಾಕು.’

ದೊಡ್ಡರಂಗಪ್ಪ ಹಾಕಿದ. ಭಾವನ ಬಲಗೈ ಟವಲಿನ ಅಡಿಯಲ್ಲಿ ತಣ್ಣಗೆ ಬಿದ್ದಿತ್ತು. ಅಭ್ಯಾಸದಂತೆ ನಡುಬೆರಳು ಒತ್ತಿದ.

‘ಒತ್ತಿದ್ಯಾ?’ ಎಂದ ಸಂಜೀವಯ್ಯ.

‘ಒತ್ತಿದೀನಿ.’

‘ಯಾವ ಬೆರಳು?’

ದೊಡ್ಡರಂಗಪ್ಪ ಇನ್ನೂ ಜೋರಾಗಿ ಒತ್ತಿದ.

‘ನೋಡಪ್ಪ, ನಂಗೆ ಗೊತ್ತಾಗಲ್ಲ. ನೀನು ಬಡಕಲು ಕುರೀನ ಆನೆ ರೇಟಿಗೆ ಮಾರುದ್ರೂ ಹೂಂ ಅನ್ಬೇಕು ನಾನು. ಮೂವತ್ತು ವರ್ಷ ಯಾರ್ ಕೈಲೂ ಮೋಸ ಹೋಗ್ದೋನು ನಾನು. ಕೊನೆಗೆ ಮೋಸ ಮಾಡಿದ್ದು ನಿಂಬೆಹಣ್ಣು.’ ಸಂಜೀವಯ್ಯ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ, ‘ಆ ಹುಡುಗಿ ಹೇಳ್ದಂಗೆ ಕೇಳು. ಇಲ್ದಿದ್ರೆ ನನ್ನಂಗೆ ಉಪ್ಪಿನಕಾಯಿನ ಎಡಗೈಲಿ ತಿಂತಾ ಕೂತ್ಕೋಬೇಕಾಯ್ತದೆ’ ಎಂದ.

ಮಾರನೆಯ ವಾರ ದೊಡ್ಡರಂಗಪ್ಪ ತಾನಾಗಿ ಆರೋಗ್ಯ ಕೇಂದ್ರಕ್ಕೆ ಹೋದ. ಕಾಲ ಮೇಲೆ ಕಾಲು ಹಾಕಲಿಲ್ಲ. ನೂರ ಅರವತ್ತು, ನೂರು. ಡಾಕ್ಟರ ಹತ್ತಿರ ಹೋಗಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಬರೆಸಿಕೊಂಡು ಬಂದ. ಕಾಯಿಲೆ ಮೂತ್ರಪಿಂಡಕ್ಕೆ, ಕಣ್ಣಿಗೆ ಇನ್ನೂ ಕೈ ಹಾಕಿರಲಿಲ್ಲ. ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

‘ದಿನಾ ಮಾತ್ರೆ. ಉಪ್ಪು ಕಮ್ಮಿ. ಕುರಿ ಜೊತೆ ಗೂಡ್ಸ್ ಆಟೋದಲ್ಲಿ ಕೂರೋ ಬದ್ಲು ದಿನಾ ಒಂದಷ್ಟು ನಡೀರಿ. ತಿಂಗ್ಳಿಗೊಂದ್ಸಲ ಇಲ್ಲಿಗೆ ಬರ್ಬೇಕು,’ ಎಂದಳು ತೇಜಸ್ವಿನಿ.

‘ನಾಕೂ ಒಪ್ಕಂಡೆ. ಉಪ್ಪಿನಕಾಯಿ?’

ತೇಜಸ್ವಿನಿ ಅವನ ಹೆಗಲಿನ ಟವಲು ಎಳೆದು ತನ್ನ ಕೈ ಮೇಲೆ ಹಾಕಿಕೊಂಡು ಮುಂದೆ ಚಾಚಿದಳು. ದಾಸಮ್ಮ ಅವಳಿಗೆ ಪಾಠ ಹೇಳಿಕೊಟ್ಟಿದ್ದಳು. ದೊಡ್ಡರಂಗಪ್ಪ ಸಂಭ್ರಮದಿಂದ ಟವಲಿನೊಳಗೆ ಕೈ ಹಾಕಿದ. ಬಿಗಿದ ಮುಷ್ಟಿ ಸಿಕ್ಕಿತು. ಬೆರಳು ಬಿಡಿಸಲು ನೋಡಿದ, ಬಿಡಲಿಲ್ಲ. ಅವಳ ಮುಖದಲ್ಲೂ ಏನೂ ಇರಲಿಲ್ಲ.

‘ಈ ಹುಡುಗೀನ ಸಂತೆಗೆ ಕರ್ಕಂಡ್ ಹೋಗ್ಬೇಕು ಕಣಮ್ಮ,’ ಎಂದು ದಾಸಮ್ಮನಿಗೆ ಹೇಳಿ ಸೋತು ಎದ್ದ. ಮನೆಗೆ ಹೋಗಿ ನಿಜ ಒಪ್ಪಿಕೊಂಡ. ಜಾಡಿ ಮತ್ತೆ ಟ್ರಂಕ್ ಸೇರಿತು. ಲಕ್ಕಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಉಪ್ಪಿಲ್ಲದ ಬಸ್ಸಾರು ಬಡಿಸುತ್ತ ಮಾತು ಶುರು ಮಾಡಿದಳು.

ತಿಂಗಳು ತಿಂಗಳೂ ರೇಟು ಇಳಿಯತೊಡಗಿತು. ನೂರ ಐವತ್ತು, ನೂರ ನಲವತ್ತೆರಡು. ಮುಂಗಾರು ಬಿತ್ತನೆ ಮುಗಿಯುವ ಹೊತ್ತಿಗೆ ಒಂದು ದಿನ ನೂರ ಇಪ್ಪತ್ತೆಂಟು, ಎಂಬತ್ತೆರಡು. ದೊಡ್ಡರಂಗಪ್ಪನಿಗೆ ತಕ್ಷಣ ಅನುಮಾನ ಬಂತು. ಕೇಳಿದ್ದಕ್ಕಿಂತ ಕಡಿಮೆಗೆ ಬಂದ ಕುರಿಯಲ್ಲಿ ಏನಾದರೂ ಐಬು ಇದ್ದೇ ಇರುತ್ತದೆ.

‘ಮಿಷನ್ ಕೆಟ್ಟಿರ್ಬೇಕು. ಇಲ್ಲಾಂದ್ರೆ ಮಾತ್ರೆ ಸಾಕು ಅಂತಾನಾ?’

‘ಮಿಷನ್ ಕೆಟ್ಟಿಲ್ಲ, ಮಾತ್ರೆ ಬಿಡಂಗೂ ಇಲ್ಲ. ಮಾತ್ರೆ ತಗೊಂಡಿದ್ದಕ್ಕೇ ಇಳ್ದಿರೋದು.’

‘ಪರೀಕ್ಷೆ ಮಾಡಣ. ಇವಳಿಗೆ ಹಾಕಿ ನೋಡಿ. ಇವಳಿಗೇನೂ ಇಲ್ಲ, ಗುಂಡ್ಕಲ್ಲಿದ್ದಂಗವ್ಳೆ.’ ಅವನು ಜಾಡಿ ಬಿಡಿಸಿಕೊಳ್ಳುವ ಆಸೆಯಿಂದ ಆವತ್ತು ಲಕ್ಕಮ್ಮನನ್ನೂ ಸಾಕ್ಷಿಗೆ ಕರೆದುಕೊಂಡು ಬಂದಿದ್ದ.

ಗಂಡನಿಗೆ, ಓಣಿಯವರಿಗೆಲ್ಲ ಅಳೆಸಿಕೊಳ್ಳಿ ಎಂದು ಹೇಳಿದ್ದ ಲಕ್ಕಮ್ಮ ತಾನು ಒಂದು ದಿನವೂ ಆ ಕುರ್ಚಿಯ ಮೇಲೆ ಕೂತಿರಲಿಲ್ಲ. ‘ನಂಗ್ಯಾಕೆ’ ಎನ್ನುತ್ತಲೇ ಕೂತಳು. ಐದು ನಿಮಿಷ ಸುಮ್ಮನಿದ್ದಳು. ಮಿಷನ್ ಬುಸ್ಸೆಂದಿತು.

‘ನೂರ ಐವತ್ನಾಕು, ತೊಂಬತ್ತಾರು,’ ಎಂದಳು ತೇಜಸ್ವಿನಿ. ‘ನಿಮ್ಮಣ್ಣನಿಗೂ ಇತ್ತಲ್ವಾ? ಒಡಹುಟ್ಟಿದೋರಿಗೆ ಇದ್ರೆ ನಾವೂ ನೋಡಿಸ್ಕೊಳ್ತಾ ಇರ್ಬೇಕು. ಇನ್ನೊಂದಿನ ಬನ್ನಿ.’

ಲಕ್ಕಮ್ಮನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಟ್ರಂಕಿನ ಬೀಗ ಅವಳಿಗೂ ಇನ್ನು ಬೀಗವೇ. ‘ಮಿಷನ್ ಕೆಟ್ಟೈತೆ,’ ಎಂದಳು ಸಣ್ಣ ದನಿಯಲ್ಲಿ.

ದೊಡ್ಡರಂಗಪ್ಪ ಹೆಂಡತಿಯ ಬಲಗೈ ನೋಡಿದ. ಮುದ್ದೆ ಕಟ್ಟುವ, ಬಾಯಿಗಿಂತ ಮುಂಚೆ ಮಾತಾಡುವ ಕೈ. ಬೇಕೋ ಬೇಡವೋ ಎಂಬಂತೆ ಅದರ ನಡುಬೆರಳನ್ನು ಒತ್ತಿದ.

‘ಯಾವ ಬೆರಳು?’

‘ನಡುಬೆರಳು. ಯಾಕೆ, ಹುಚ್ಚಾ?’

‘ಏನಿಲ್ಲ. ಭಾವನಂಗಲ್ಲ, ಬೇಗ ಬಂದಿದೀವಿ.’ ಅವನು ಹೆಗಲಿನಿಂದ ಟವಲು ಇಳಿಸಿ, ಕೊಡವಿ, ಬಲಗೈ ಮೇಲೆ ಹೊದಿಸಿ ತೇಜಸ್ವಿನಿಯ ಕಡೆ ಚಾಚಿದ. ‘ನೀನ್ ಸುಮ್ಕಿರು ಲಕ್ಕಿ, ಮಾತಾಡುದ್ರೆ ರೇಟು ಏರ್ತದೆ. ಮೇಡಂನೋರೆ, ನಾವು ಹಳೇ ಗಿರಾಕಿ. ಇವಳ್ದೂ ನೂರ ಮೂವತ್ತಕ್ಕೇ ಮುಗಿಸ್ಕೊಡಿ. ಮಾತ್ರೆ, ನಡಿಗೆ, ಏನ್ ಬೇಕಾದ್ರೂ ಕೇಳಿ, ಕೊಡ್ತೀವಿ.’