ಕರಗದ ಗಂಟು

ಸವಿತಾಳ ಕುತ್ತಿಗೆಯ ಗಂಟು ಟಿಬಿ ಮಾತ್ರೆಗೆ ಕರಗಲಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದ ಹುಡುಗಿ, ಯಾದಗಿರಿ ಕಡೆಯವಳು. ತಾಯಿ ಸಿದ್ದಕ್ಕನ ಜೊತೆ ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿದ್ದಳು. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷಿಸಿದಾಗ ಟಿಬಿ ಎಂದೇ ವರದಿ ಬಂದಿತ್ತು. ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದಳು. ಗಂಟು ಮಾತ್ರ ಗೋಲಿಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಮೈ ಬೆವರಿ ಹಾಸಿಗೆ ಒದ್ದೆಯಾಗುತ್ತಿತ್ತು, ಹೊಲಿಗೆ ಯಂತ್ರದ ಮುಂದೆ ಕೂತರೆ ತಲೆ ಸುತ್ತುತ್ತಿತ್ತು.

೨೦೧೧ರ ಬೇಸಿಗೆಯಲ್ಲಿ ಅವಳ ಗಂಟಿನ ಸ್ಲೈಡು ಮರುಪರೀಕ್ಷೆಗೆಂದು ಡಾಕ್ಟರ್ ಶ್ರೀರಂಜನಿಯ ಮೈಕ್ರೋಸ್ಕೋಪಿನ ಕೆಳಗೆ ಬಂತು. ಶ್ರೀರಂಜನಿ ಸವಿತಾ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೊಸಬಳು. ಟಿಬಿಯಲ್ಲಿ ಕಾಣುವಂಥ ಕೋಶಗಳ ಗುಂಪೇನೋ ಅಲ್ಲಿತ್ತು. ಆದರೆ ಒಂದು ಮೂಲೆಯಲ್ಲಿ ಮಸುಕಾಗಿ ಕಂಡ ದೊಡ್ಡದೊಂದು ಕೋಶ ಅವಳ ಕಣ್ಣನ್ನು ಹಿಡಿದು ನಿಲ್ಲಿಸಿತು. ಲಿಂಫೋಮಾ ಇರಬಹುದೇ? ದುಗ್ಧಗ್ರಂಥಿಯ ಆ ಕ್ಯಾನ್ಸರು ಒಮ್ಮೊಮ್ಮೆ ಟಿಬಿಯ ವೇಷದಲ್ಲೇ ಬರುತ್ತದೆ. ಸೂಜಿಯಲ್ಲಿ ಸಿಕ್ಕ ನಾಲ್ಕು ಹನಿಯಿಂದ ಅದನ್ನು ಹೇಳುವಂತಿರಲಿಲ್ಲ. ಗಂಟನ್ನು ಇಡಿಯಾಗಿ ತೆಗೆದು ನೋಡಬೇಕಿತ್ತು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಪರಮಾನಂದ ತಲೆ ಅಲ್ಲಾಡಿಸಿದರು. "ನೋಡ್ರೀ ರಂಜನಿ, ಇಲ್ಲಿ ಕುತ್ತಿಗೆ ಗಂಟು ಅಂದ್ರೆ ಟಿಬಿನೇ. ಇಷ್ಟು ವರ್ಷ ಅದನ್ನೇ ನೋಡ್ಕೊಂಡು ಬಂದಿದೀನಿ."

"ಟಿಬಿ ಆಗಿದ್ರೆ ಇಷ್ಟೊತ್ತಿಗೆ ಕರಗ್ಬೇಕಿತ್ತಲ್ವಾ ಸಾರ್?"

ಅವರು ಬೇಡ ಎಂದೇನೂ ತಡೆಯಲಿಲ್ಲ. ಸಿದ್ದಕ್ಕನನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. "ಬ್ಯಾಡ್ರಿ ಡಾಕ್ಟರಮ್ಮ, ಕುತ್ತಿಗಿಗೆ ಕತ್ತಿ ಹಚ್ಚಿದ್ರ ನನ್ನ ಮಗಳು ಉಳಿತಾಳೇನ್ರಿ?" ಎಂದು ಸೆರಗು ಬಾಯಿಗೊತ್ತಿಕೊಂಡಳು. ಶ್ರೀರಂಜನಿ ಅವಳ ಪಕ್ಕ ಬೆಂಚಿನ ಮೇಲೆ ಕೂತಳು. "ಅಮ್ಮ, ರೋಗ ಯಾವುದು ಅಂತ ಗೊತ್ತಾಗದೆ ಔಷಧಿ ಕೊಟ್ಟರೆ ಉಳಿಸೋಕಾಗಲ್ಲ. ನನ್ನ ಅನುಮಾನ ನಿಜ ಆದ್ರೆ ಅದಕ್ಕೆ ಒಳ್ಳೇ ಔಷಧಿ ಇದೆ." ತಾಯಿ ಮಗಳ ಕಡೆ ತಿರುಗಿದಳು. ಸವಿತಾಳೇ ಎದ್ದು ನಿಂತಳು: "ತಗೀರಿ ಮೇಡಂ. ನನಗೂ ಇದನ್ನ ಹೊತ್ತು ಸಾಕಾಗೇತಿ."

ಗಂಟು ಹೊರಬಂತು. ವಿಶೇಷ ಬಣ್ಣ ಹಾಕಿದಾಗ ಎರಡು ಕಣ್ಣಿನ ಗೂಬೆಯ ಮುಖದಂಥ ಕೋಶಗಳು ಕಂದು ಬಣ್ಣದಲ್ಲಿ ಎದ್ದು ಕಂಡವು. ಹಾಜ್‌ಕಿನ್ ಲಿಂಫೋಮಾ. ಅದೇ ವಾರ ಸವಿತಾಳಿಗೆ ಕೀಮೋ ಶುರುವಾಯಿತು.

ಶ್ರೀರಂಜನಿಗೆ ಸಮಾಧಾನವಾಗಲಿಲ್ಲ. ಇವಳೊಬ್ಬಳೇ ಏನು? ಟಿಬಿ ಔಷಧಿಗೆ ಬಗ್ಗದ ಗಂಟುಗಳಿಂದ ಹಿಂದೆ ಕತ್ತರಿಸಿ ತೆಗೆದಿದ್ದ ತುಣುಕುಗಳ ಸ್ಲೈಡುಗಳನ್ನು ಕಪಾಟಿನಿಂದ ತೆಗೆದು, ವಿಶೇಷ ಬಣ್ಣ ಹಾಕಿ ಒಂದೊಂದಾಗಿ ನೋಡತೊಡಗಿದಳು. ಹಲವು ಲಿಂಫೋಮಾಗಳೇ ಆಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಟಿಬಿ ಎಂದು ಬರೆದವರು ಪರಮಾನಂದ.

ಅವಳು ಅಳುಕುತ್ತಲೇ ಅವರನ್ನು ಕರೆದು ತೋರಿಸಿದಳು. ಅವರು ಕನ್ನಡಕ ತೆಗೆದಿಟ್ಟು, ಒಂದಾದ ಮೇಲೊಂದು ನೋಡುತ್ತಾ ಹೋದರು. ಕೊನೆಗೆ ಹಣೆ ಒರೆಸಿಕೊಂಡರು.

"ಇವರೆಲ್ಲ ಎಲ್ಲಿದಾರೆ ಈಗ?"

"ಇಬ್ಬರು ತೀರ್ಕೊಂಡಿದಾರೆ ಸಾರ್. ಉಳಿದವರನ್ನ ಕರೆಸ್ಬಹುದು."

"ಇವತ್ತೇ ಕರೆಸಿ. ಆಮೇಲೆ ಇದನ್ನ ಬರೀರಿ. ನನ್ನ ರಿಪೋರ್ಟು ಅಂತ ಏನೂ ಮುಚ್ಚಿಡ್ಬೇಡಿ."

ಕರೆಸಿದವರು ಬಂದರು. ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಯಮನಪ್ಪ ಕೆಮ್ಮುತ್ತಾ ಬಂದವನು ಚಿಕಿತ್ಸೆಗೆ ಸೇರಿಕೊಂಡ. ಶ್ರೀರಂಜನಿ ಬರೆದ ಲೇಖನ ಮಾತ್ರ ಮೊದಲು ಕಳಿಸಿದ ವೈದ್ಯಕೀಯ ಪತ್ರಿಕೆಯಿಂದ "ಹೊಸದೇನೂ ಇಲ್ಲ" ಎಂದು ವಾಪಸ್ಸಾಯಿತು.  ಅವಳು ಮರುದಿನವೇ ಮತ್ತೆ ಬರೆಯಲು ಕೂತಳು. ಎರಡು ತಿಂಗಳ ಟಿಬಿ ಚಿಕಿತ್ಸೆಗೆ ಗಂಟು ಕರಗದಿದ್ದರೆ ಕಾಯಬಾರದು, ಇಡೀ ಗಂಟನ್ನು ತೆಗೆದು ಪರೀಕ್ಷಿಸಬೇಕು ಎಂಬ ಮಾತನ್ನೇ ಮೊದಲಿಗೆ ತಂದಳು. ಮುಂದಿನ ವರ್ಷ ಮತ್ತೊಂದು ಪತ್ರಿಕೆ ಅದನ್ನು ಪ್ರಕಟಿಸಿತು.

ಅದಾಗಿ ಕೆಲವು ತಿಂಗಳಿಗೆ ಸವಿತಾ ತಪಾಸಣೆಗೆ ಬಂದಳು. ರೋಗದ ಸುಳಿವೇ ಇರಲಿಲ್ಲ. ತಲೆಯ ಮೇಲೆ ಗುಂಗುರು ಕೂದಲು ಹೊಸದಾಗಿ ಬಂದಿತ್ತು. ಶ್ರೀರಂಜನಿ ಅಚ್ಚಾದ ಲೇಖನವನ್ನು ಅವಳ ಮುಂದಿಟ್ಟಳು.

"ನನ್ನ ಹೆಸರು ಐತೇನ್ರಿ ಅದ್ರಾಗ?"

"ಹೆಸರು ಹಾಕೋ ಹಾಗಿಲ್ಲಮ್ಮ. ನಿನ್ನ ಗಂಟಿನ ಕೋಶದ ಚಿತ್ರ ಇದೆ ನೋಡು."

ಸವಿತಾ ಬಗ್ಗಿ ನೋಡಿದಳು. "ಇದಾ ಏನ್ರಿ ನನ್ನ ತಿನ್ನಾಕ ಬಂದಿದ್ದು? ಮಾರಿ ನೋಡು ಇದರದು!" ಎಂದು ನಕ್ಕಳು. ಸಿದ್ದಕ್ಕನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಅಷ್ಟರಲ್ಲಿ ಪರಮಾನಂದ ಫೋನು ಕೈಯಲ್ಲಿ ಹಿಡಿದೇ ಓಡೋಡಿ ಬಂದರು. "ರಂಜನಿ, ರಾಯಚೂರಿಂದ ಒಬ್ಬ ಡಾಕ್ಟರ್ರು! ನಿಮ್ಮ ಪೇಪರ್ ಓದಿ ಒಬ್ಬ ಹೆಂಗಸಿನ ಗಂಟು ತೆಗೆಸಿದ್ರಂತೆ. ಲಿಂಫೋಮಾನೇ ಅಂತೆ ಕಣ್ರೀ, ಟ್ರೀಟ್‌ಮೆಂಟೂ ಶುರುವಾಯ್ತಂತೆ! ತಗೊಳ್ಳಿ, ನೀವೇ ಮಾತಾಡಿ."

ಶ್ರೀರಂಜನಿ ಫೋನು ಕಿವಿಗಿಟ್ಟುಕೊಂಡಳು. ಮಾತು ಮುಗಿಸಿ ಬಂದಾಗ ಸಿದ್ದಕ್ಕ ಕಾರಿಡಾರಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತಿದ್ದಳು. ಪರಮಾನಂದ ನಿಂತಲ್ಲೇ ರೊಟ್ಟಿ ಮುರಿಯುತ್ತಾ, ಹೋಗಿಬರುವವರಿಗೆಲ್ಲ ರಾಯಚೂರಿನ ಸುದ್ದಿ ಹೇಳುತ್ತಿದ್ದರು. ಶ್ರೀರಂಜನಿ ಕೈತೊಳೆದು ಬಂದು ಅವರ ನಡುವೆ ಜಾಗ ಮಾಡಿಕೊಂಡು ಕೂತಳು.