ಹಳದಿ ಕಾಗದದ ಬುಟ್ಟಿ

"ಸುಳ್ಳು ಬೊಗಳಬೇಡ. ದಿನಕ್ಕೆ ಎಷ್ಟು ಪ್ಯಾಕು ಸೇದ್ತೀಯ, ಹೇಳು."

"ನಾನು ಸೇದಾಕಿಲ್ಲ ಡಾಕ್ಟ್ರೇ."

"ಇಲ್ಲಿ ಬಂದು ನಿಲ್ಲೋ ಹಲ್ಕಾಗಳೆಲ್ಲ ಇದನ್ನೇ ಹೇಳೋದು. ಉಸಿರು ಎಳಿ. ಎಮ್ಮೆ ಹಾಗೆ ನಿಂತಿದ್ದೀಯಲ್ಲ, ಎಳಿ."

ಭಾವ ಜೆನೆಸಿಯೊ ಉಸಿರೆಳೆದ. ಅದು ಅರ್ಧದಲ್ಲೇ ಎಲ್ಲೋ ತಡೆದು ನಿಂತಿತು. ಅಲ್ಲಿಂದ ಕೆಮ್ಮು ಹೊರಟಿತು. ಕಾರ್ಖಾನೆಯ ಆಸ್ಪತ್ರೆಯಲ್ಲಿ ಅವನ ಹಿಂದೆ ಅಂಗಿ ಬಿಚ್ಚಿ ಸಾಲಾಗಿ ನಿಂತಿದ್ದ ನಾವು ಕೆಮ್ಮು ಮುಗಿಯುವವರೆಗೂ ನೆಲ ನೋಡಿದೆವು. ಡಾಕ್ಟರ್ ಅಮಿಲ್ಕಾರ್ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಂತೆಯಲ್ಲಿ ಮೀನು ಹಳಸಿದೆಯೋ ಏನೋ ಎಂದು ನೋಡುವವರ ಹಾಗೆ ಮೂಗು ಮುರಿದು, ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. ಚೀಟಿಯಲ್ಲಿ ಬರೆದುಕೊಟ್ಟಿದ್ದು ಒಂದೇ ಸಾಲು: ಧೂಮಪಾನ ನಿಲ್ಲಿಸತಕ್ಕದ್ದು.

ನಮ್ಮ ಕಾರ್ಮಿಕರ ಬಡಾವಣೆ ವಿಲಾ ಜಾಸಿರಾದಲ್ಲಿ ಸಿಗರೇಟು ಮುಟ್ಟದ, ಕಬ್ಬಿನ ಸಾರಾಯಿ ಮೂಸದ ಗಂಡಸು ಒಬ್ಬನಿದ್ದರೆ ಅವನು ನನ್ನ ಅಕ್ಕ ಒಡಿಲಾಳ ಗಂಡನೇ. ಪ್ರಾರ್ಥನಾ ಮಂದಿರದಲ್ಲಿ ಭಾನುವಾರ ಹಾಡುವವರ ಮುಂದಿನ ಸಾಲಿನವನು. ಮದುವೆಮನೆಯಲ್ಲಿ ಅನಾನಸ್ ರಸ ತುಸು ಹುಳಿ ಹೊಡೆದಿದ್ದರೂ ಲೋಟ ಕೆಳಗಿಡುವವನು. ಅವನೂ ನಾನೂ ಶೀಟು ಕೊಯ್ಯುವ ಶೆಡ್ಡಿನಲ್ಲಿದ್ದೆವು. ಸಿಮೆಂಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಲಸಿ ಮಾಡಿದ ಚಾವಣಿಯ ಶೀಟುಗಳು. ಗರಗಸ ಹಚ್ಚಿದರೆ ಎದುರಿಗೆ ನಿಂತವನ ಮುಖ ಕಾಣದಷ್ಟು ಬೆಳ್ಳನೆಯ ದೂಳು. ಸಂಜೆ ಹಿಟ್ಟಿನ ಗಿರಣಿಯಲ್ಲಿ ಹೊರಳಾಡಿ ಎದ್ದವರ ಹಾಗೆ ಮನೆಗೆ ಬರುತ್ತಿದ್ದೆವು. ನನ್ನ ಹೆಂಡತಿ ಬಸ್ಸಿನ ಡ್ರೈವರ್ ಜೊತೆ ಹೊರಟುಹೋದ ಮೇಲೆ ನನ್ನ ಊಟ, ಬಟ್ಟೆ ಎರಡೂ ಅಕ್ಕನ ಪಾಲಿಗೆ ಬಿದ್ದಿದ್ದವು. ಅವಳು ನಮ್ಮಿಬ್ಬರ ನೀಲಿ ಬಟ್ಟೆಗಳನ್ನು ಹಿತ್ತಲಿಗೆ ಒಯ್ದು, ಭುಜ ಹಿಡಿದು ಫಟಫಟ ಕೊಡವಿ, ಆಮೇಲೆ ನೆನೆಹಾಕುತ್ತಿದ್ದಳು. ಕೊಡವದಿದ್ದರೆ ತೊಟ್ಟಿಯ ನೀರೆಲ್ಲ ಗಂಜಿಯಾಗುತ್ತದೆ ಎಂದು ಅವಳ ತಕರಾರು.

ಚೀಟಿ ನೋಡಿ ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಭಾವ ನಗಲಿಲ್ಲ. ಅಂಗಡಿಗೆ ಹೋಗಿ ಒಂದು ಪ್ಯಾಕು ಸಿಗರೇಟು ತಂದು ಜಗಲಿಯ ಮೇಲೆ ಕೂತ.

"ಇಲ್ದೇ ಇರೋದನ್ನ ಬಿಡೋದು ಹೆಂಗ್ಲಾ? ಮೊದ್ಲು ಹಿಡ್ಕೋಬೇಕು," ಎಂದ ನನಗೆ. "ಸೇದ್ತೀನಿ. ಬಿಡ್ತೀನಿ. ಬಿಟ್ಟೆ ಸ್ವಾಮಿ ಅಂತ ಹೋಗಿ ಆ ಬಡ್ಡೀಮಗನ ಮುಂದೆ ನಿಂತ್ಕೋತೀನಿ. ಆಗ ಬೇರೆ ಏನಾರ ಹೇಳ್ಲೇಬೇಕಲ್ಲ. ಬೀದಿ ನಾಯಿಗೂ ಒಂದು ಹೆಸ್ರಿರ್ತದೆ ಕಣ್ಲಾ ಎಲ್ಪಿಡಿಯೊ. ನನ್ನ ಎದೆ ಒಳಗೆ ಕೂತಿರೋದ್ರ ಹೆಸ್ರು ಸಾಯೋದ್ರೊಳಗೆ ನಂಗೆ ಗೊತ್ತಾಗ್ಬೇಕು."

ಮೊದಲನೆಯದನ್ನು ತಲೆಕೆಳಗಾಗಿ ಹಚ್ಚಿದ. ಹತ್ತಿಯ ತುದಿ ಸುಟ್ಟು ಇಡೀ ಬೀದಿಗೆ ಕೂದಲು ಸುಟ್ಟ ವಾಸನೆ ಹರಡಿತು. ನೆರೆಯವರೆಲ್ಲ ಫುಟ್‌ಬಾಲ್ ನೋಡಲು ಕೂತಂತೆ ಎದುರಿನ ಕಟ್ಟೆಯ ಮೇಲೆ ಕೂತು, ಹೊಗೆ ಹೊರಗೆ ಬಂದಾಗಲೆಲ್ಲ ಚಪ್ಪಾಳೆ ತಟ್ಟಿದರು. ಬೆರಳಲ್ಲಿ ಹಿಡಿಯುವ ಬಗೆಯ ಬಗ್ಗೆ ಎರಡು ಪಂಗಡವಾಯಿತು. ಅದೇ ಹೊತ್ತಿಗೆ ಪಾದ್ರಿ ಜೊಸಾಫಾ ಸೈಕಲ್ಲಿನಲ್ಲಿ ಬಂದ. ಇಳಿಯಲೂ ಇಲ್ಲ, ಒಂದು ಕಾಲು ಊರಿ, ಎಲ್ಲರಿಗೂ ಕೇಳುವ ಹಾಗೆ, ಇಂಥ ಹೊಗೆಗೂಡಿನ ಪಕ್ಕದಲ್ಲಿ ನಿಂತು ಹಾಡಲು ಹೆಂಗಸರಿಗೆ ಹೇಸಿಗೆಯಾಗುತ್ತದೆ, ಭಾನುವಾರದಿಂದ ನಿನ್ನ ಜಾಗ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಎಂದ. ಡಾಕ್ಟರೇ ಹೇಳಿದ್ದು ಎಂದು ಭಾವ ಚೀಟಿ ತೋರಿಸಿದ. ಡಾಕ್ಟರನ್ನು ನಡುವೆ ತರಬೇಡ, ಅವರು ದೇವರಿಗೆ ಹೆದರುವ ಮನುಷ್ಯ, ಮಂದಿರಕ್ಕೆ ಕಾರ್ಖಾನೆಯಿಂದ ಚಾವಣಿ ಹಾಕಿಸಿಕೊಟ್ಟವರು ಎಂದು ಪಾದ್ರಿ ಪೆಡಲ್ ತುಳಿದ.

ಮೂರು ದಿನ ಸೇದಿ ಭಾವ ಬಿಟ್ಟ. ನಾಲ್ಕನೆಯ ದಿನ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಅಕ್ಕನಿಗೂ ಒಂದಷ್ಟು ಕಾಲದಿಂದ ಬಲಪಕ್ಕೆ ಹಿಡಿದುಕೊಂಡಂತಾಗಿ, ತೊಟ್ಟಿಯಿಂದ ದಾರದವರೆಗೆ ಬಟ್ಟೆ ಒಯ್ಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಕಾರ್ಮಿಕರ ಹೆಂಡಿರಿಗೆ ಆಸ್ಪತ್ರೆಯವರು ಪುಕ್ಕಟೆ ಎಕ್ಸ್‌ರೇ ತೆಗೆದಾಗ ತೆಗೆಸಿಕೊಂಡಿದ್ದಳು. ಹಿಂದಿನ ವಾರ ಡಾಕ್ಟರ್ ಅವಳ ಪಕ್ಕೆಗೆ ಸೂಜಿ ಚುಚ್ಚಿ, ಬಿಯರ್ ಬಣ್ಣದ ನೀರು ಒಂದು ಬಾಟಲಿ ತುಂಬಾ ಹೊರತೆಗೆದು, ಇದು ನರಗಳ ದೌರ್ಬಲ್ಯ ಎಂದಿದ್ದ. ನರದೊಳಗೆ ಇಷ್ಟು ನೀರು ಎಲ್ಲಿತ್ತು ಎಂದು ಅಕ್ಕ ಕೇಳಿದ್ದಕ್ಕೆ ನರ್ಸ್ ಇವೋನೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಬೈಸಿಕೊಂಡಿದ್ದಳು.

"ಬಿಟ್ಬುಟ್ಟೆ ಡಾಕ್ಟ್ರೇ. ಒಂದೂ ಸೇದಾಕಿಲ್ಲ ಈಗ," ಎಂದ ಭಾವ.

ಡಾಕ್ಟರ್ ಕುರ್ಚಿಗೆ ಒರಗಿದ. "ನೋಡಿದ್ಯಾ? ಕೊನೆಗೂ ಬಾಯಿಂದ ಸತ್ಯ ಬಂತು. ಆವತ್ತು ಸೇದೋದೇ ಇಲ್ಲ ಅಂದೆ." ಆಮೇಲೆ ಪೆನ್ನಿನ ತುದಿಯಿಂದ ಅಕ್ಕನ ಕಡೆ ತೋರಿಸಿದ. "ನೀನು ಬಿಟ್ಟ ಹೊಗೆ ಕುಡಿದೂ ಕುಡಿದೂ ಇವಳಿಗೆ ಹೀಗಾಗಿದೆ. ಗಂಡಸು ನೀನು, ನಾಚಿಕೆ ಆಗಲ್ವಾ?"

ವಾಪಸ್ಸು ಬರುವಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ಭಾವನ ತೋಳು ತಿವಿದು ಹೇಳಿದಳು: "ನೀನು ಸೇದಿದ್ದು ಮೂರು ದಿನ. ನನ್ನ ಪಕ್ಕೆ ಹಿಡ್ಕಂಡಿದ್ದು ಈಸ್ಟರ್‌ಗೂ ಮುಂಚೆ. ಅಷ್ಟು ಹಿಂದಕ್ಕೆ ಹೋಗಿ ಹೊಡಿಯೋಕೆ ನಿನ್ನ ಹೊಗೆ ಏನು ದೆವ್ವನಾ?" ನಕ್ಕಳು, ನಗು ಕೆಮ್ಮಿಗೆ ತಿರುಗಿ, ಒಂದು ಗೇಟಿನ ಕಂಬ ಹಿಡಿದು ನಿಂತಳು.

ಡಾಕ್ಟರ್ ಬಾಯಿ ಬಿಡದಿದ್ದರೂ ನಮ್ಮ ಬೀದಿಗೆ ಕಾಯಿಲೆ ಓದುವ ಒಂದು ವಿದ್ಯೆ ಬಂದಿತ್ತು. ಯಾರ ಎಕ್ಸ್‌ರೇ ಡ್ರಾಯರಿನ ಕೆಳಗಿನ ಅರೆಗೆ ಇಳಿಯುತ್ತಿತ್ತೋ ಅವರ ಮನೆಗೆ ಕಾರ್ಖಾನೆಯ ಕಾರು ಬರುತ್ತಿತ್ತು. ಅದರಲ್ಲಿ ಕ್ಷೇಮಪಾಲನೆ ವಿಭಾಗದ ದೋನಾ ಎಲೊಯಿಸಾ, ಅವಳ ತೊಡೆಯ ಮೇಲೆ ಒಂದು ಬುಟ್ಟಿ: ಹಳದಿ ಕಾಗದ, ಕೆಂಪು ರಿಬ್ಬನ್, ಒಳಗೆ ಹಂದಿ ತೊಡೆಯ ಮಾಂಸ, ಡಬ್ಬಿಯ ಪೀಚು ಹಣ್ಣು, ಒಣದ್ರಾಕ್ಷಿಯ ಬ್ರೆಡ್ಡು. ಕ್ರಿಸ್‌ಮಸ್ಸಿಗೆ ಕೊಡುವಂಥದ್ದು, ಕ್ರಿಸ್‌ಮಸ್ ಅಲ್ಲದ ತಿಂಗಳಲ್ಲಿ. ಮೊದಲು ಬಂದಿದ್ದು ಕಲಸುವ ವಿಭಾಗದ ಬಾಲ್ತಜಾರನಿಗೆ. ನಾವೆಲ್ಲ ಹೊಟ್ಟೆ ಉರಿದುಕೊಂಡೆವು. ಅವನ ಶವದ ಮುಂದೆ ಕೂತಾಗ ಅವನ ಹೆಂಡತಿ ನಮಗೆಲ್ಲ ಹಂಚಿದ್ದು ಅದೇ ಪೀಚು. ಆಮೇಲೆ ಒಬ್ಬೊಬ್ಬರಿಗೇ ಬಂತು, ಒಬ್ಬೊಬ್ಬರೇ ಹೋದರು. ಗೇಟಿನ ಕಾವಲುಗಾರ ಸೆರಾಫಿಮ್ ಒಂದು ದಿನ ಕಾರು ಕಂಡು ಹಿತ್ತಲ ಗೋಡೆ ಹಾರಿ ಕಾಲು ಮುರಿದುಕೊಂಡ; ಕಾರು ಬಂದಿದ್ದು ಪಕ್ಕದ ಮನೆಗೆ. ಬುಟ್ಟಿಯಲ್ಲೇ ವಿಷವಿದೆಯೇನೋ ಎಂದು ಯಾರೋ ಮಾಂಸವನ್ನು ಬೀದಿ ನಾಯಿಗೆ ಹಾಕಿ ತಿಂಗಳುಗಟ್ಟಲೆ ಕಾದರು. ನಾಯಿ ಹಂದಿಯ ಹಾಗೆ ಊದಿಕೊಂಡು ಈಗಲೂ ಓಡಾಡಿಕೊಂಡಿದೆ. ಅದು ಯಾವತ್ತೂ ಶೀಟು ಕೊಯ್ದಿರಲಿಲ್ಲ.

ಆ ಶನಿವಾರ ಕಾರು ನಮ್ಮ ಮನೆಯ ಮುಂದೆ ನಿಂತಿತು. ಭಾವ ಒಳಗೆ ಹೋಗಿ ತಲೆ ಬಾಚಿ, ಭಾನುವಾರದ ಕೋಟು ತೊಟ್ಟು, ಕೈಕಟ್ಟಿ ಬಾಗಿಲಲ್ಲಿ ನಿಂತ. ಬೀದಿಯ ಕಿಟಕಿಗಳು ತೆರೆದುಕೊಂಡವು. ದೋನಾ ಎಲೊಯಿಸಾ ಬುಟ್ಟಿಯ ಚೀಟಿ ನೋಡಿ, ಒಡಿಲಾ ಅನ್ನುವವರು ಯಾರು ಎಂದು ಕೇಳಿದಳು.

ಬುಟ್ಟಿಗೆಂದು ಭಾವ ಚಾಚಿದ್ದ ಕೈ ಚಾಚಿದಂತೆಯೇ ಉಳಿಯಿತು.

"ಬೇಜಾರು ಮಾಡ್ಕೋಬೇಡಿ," ಎಂದು ಅವಳು ಗಡಿಬಿಡಿಯಲ್ಲಿ ಸಮಾಧಾನ ಹೇಳಿದಳು, "ನಿಮ್ಮದೂ ಬರುತ್ತೆ."

"ನಾನು ಕಾರ್ಖಾನೆ ಗೇಟೂ ದಾಟಿಲ್ವಲ್ಲ ತಾಯಿ," ಎಂದಳು ಅಕ್ಕ. ಕೈಯಿಂದ ಸಾಬೂನಿನ ನೊರೆ ಇಳಿಯುತ್ತಿತ್ತು. "ಒಳಗೇ ಬರದೋಳ ಮ್ಯಾಲೆ ಕಂಪನಿಗೆ ಯಾಕಿಷ್ಟು ಪ್ರೀತಿ?"

ದೋನಾ ಎಲೊಯಿಸಾ ಬುಟ್ಟಿಯನ್ನು ಜಗಲಿಯ ಮೇಲಿಟ್ಟಳು. ಕಾರು ಹೋಯಿತು. ಅಕ್ಕ ಹಿತ್ತಲಿಗೆ ತಿರುಗಿ ಬಂದು, ಒಗೆಯಲೆಂದು ರಾಶಿ ಹಾಕಿದ್ದ ನನ್ನ ನೀಲಿ ಅಂಗಿಯನ್ನು ಎತ್ತಿಕೊಂಡಳು. ಕೊಡವಲು ಎತ್ತಿದ ಕೈ ಅಲ್ಲೇ ನಿಂತಿತು. ಅಂಗಿಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದು, ಪರಿಚಯವಿಲ್ಲದವರ ಮುಖ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಮಗುವನ್ನು ಇಳಿಸುವಂತೆ ನೀರಿಗಿಳಿಸಿದಳು.

ಭಾನುವಾರವೆಲ್ಲ ಅವಳಿಗೆ ಅದೇ ಕೆಲಸ. ಆ ಅಂಗಿಯನ್ನು ಮತ್ತೆ ಮತ್ತೆ ಒಗೆದಳು, ಒಣಗಿಸಿ ಇಸ್ತ್ರಿ ಮಾಡಿದಳು. ಕೊನೆಗೆ ಅಡಿಗೆಮನೆಯ ಮೇಜಿನ ಮೇಲೆ ಹಾಸಿ, ಜರಡಿ ಹಿಡಿದು ಮರಗೆಣಸಿನ ಹಿಟ್ಟನ್ನು ಉದುರಿಸತೊಡಗಿದಳು. ಹಿಟ್ಟು ಹಾಕುವುದಕ್ಕೆ ಇಷ್ಟು ಒಗೆದದ್ದೇಕೆ ಎಂದು ನಾನು ಕೇಳಿದೆ.

"ಕೊಳಕು ಬಟ್ಟೇನ ನಾಕು ಜನದ ಮುಂದೆ ಬಿಚ್ಚೋಕೆ ನಾನೇನು ಮೂದೇವಿನಾ?" ಎಂದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿದವರ ಸಾಲು ಬಾಗಿಲು ದಾಟಿತ್ತು. ಅಕ್ಕ ಸಾಲನ್ನು ಲೆಕ್ಕಿಸದೆ ನೇರ ನಡೆದು, ಹಳದಿ ಕಾಗದದ ಬುಟ್ಟಿಯನ್ನು ಡಾಕ್ಟರನ ಮೇಜಿನ ಮೇಲಿಟ್ಟಳು. ಭಾನುವಾರದ ಕೋಟು ತೊಟ್ಟ ಭಾವನೂ ನಾನೂ ಹಿಂದೆ ನಿಂತೆವು.

"ಕಂಪನಿ ಬುಟ್ಟಿ ಕೊಟ್ಟದೆ. ನಾವೂ ಏನಾರ ಕೊಡ್ಬೇಕಲ್ವಾ ಡಾಕ್ಟ್ರೇ," ಎಂದಳು.

ಮಿಠಾಯಿಯೋ ಕೇಕೋ ಎಂದುಕೊಂಡಿರಬೇಕು, ಅವನು ನಗುತ್ತ ತಾನೇ ರಿಬ್ಬನ್ ಎಳೆದ. ಒಳಗೆ ಮಡಿಸಿದ ನೀಲಿ ಅಂಗಿ, ಮಡಿಕೆಗಳಲ್ಲಿ ಬೆಳ್ಳನೆಯ ಪುಡಿ. ನಗು ನಿಂತಿತು. ಅಕ್ಕ ಅಂಗಿಯ ಭುಜಗಳನ್ನು ಹಿಡಿದೆತ್ತಿ, ತನ್ನ ಹಿತ್ತಲಲ್ಲಿ ಇಷ್ಟು ಕಾಲ ಮಾಡಿದ ಹಾಗೆಯೇ, ಫಟ್ ಎಂದು ಒಂದು ಸಲ ಕೊಡವಿದಳು.

ಕುರ್ಚಿ ಉರುಳಿತು. ಬಿಳಿ ಕೋಟಿನ ಅಂಚನ್ನು ಮೂಗಿಗೆ ಒತ್ತಿಕೊಂಡು ಡಾಕ್ಟರ್ ಅಮಿಲ್ಕಾರ್, ಅಷ್ಟು ದಪ್ಪ ಮನುಷ್ಯ, ಸಾಲಿನಲ್ಲಿದ್ದ ಇಬ್ಬರನ್ನು ಕೆಡವಿ ಕಾರಿಡಾರಿಗೆ ಹಾರಿದ. "ಕೊಡವಬೇಡ!" ಎಂಬ ಕೂಗು ಅವನಿಗಿಂತ ಹಿಂದೆ ಉಳಿಯಿತು. ನರ್ಸ್ ಇವೋನೆ ಪಾಪ, ಅಭ್ಯಾಸಬಲದಿಂದ ಪೊರಕೆ ತಂದಳು.

"ಗುಡಿಸಬೇಡ, ದಡ್ಡಿ," ಅವನು ಕಾರಿಡಾರಿನ ತುದಿಯಿಂದ ಕಿರುಚಿದ. "ಒದ್ದೆ ಬಟ್ಟೆ ಹಾಕು. ಉಸಿರು ಹಿಡಿದುಕೋ. ಅದು ಒಳಗೆ ಹೋದರೆ ಮತ್ತೆ ಹೊರಗೆ ಬರಲ್ಲ. ಮೂವತ್ತು ವರ್ಷ ಆದಮೇಲೂ ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರ್ ಹಿಡಿಯುತ್ತೆ. ಮೆಸೊಥೆಲಿಯೊಮಾ ಕಣೇ. ಅದಕ್ಕೆ ಮದ್ದಿಲ್ಲ."

ಸಾಲಿನಲ್ಲಿ ಯಾರೂ ಕೆಮ್ಮಲೂ ಇಲ್ಲ.

ಅಕ್ಕ ಅಂಗಿಯನ್ನು ಮಡಿಸಿ ಬುಟ್ಟಿಯಲ್ಲಿಟ್ಟಳು. ಮೇಜಿನ ಮೇಲೆ ಬಿದ್ದ ಪುಡಿಯನ್ನು ಬೆರಳಿಗೆ ಒತ್ತಿ ನಾಲಿಗೆಗೆ ಹಚ್ಚಿಕೊಂಡಳು. "ಮರಗೆಣಸಿನ ಹಿಟ್ಟು ಡಾಕ್ಟ್ರೇ. ರೊಟ್ಟಿ ಮಾಡಿ ಉಳಿದಿತ್ತು. ಒಳೀಕೆ ಬನ್ನಿ." ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ತಾನೇ ಕೂತಳು. "ಈಗ ಆ ಹೆಸ್ರನ್ನ ಇನ್ನೊಂದು ಸಲ ನಿಧಾನಕ್ಕೆ ಹೇಳಿ. ಹಂಗೇ ಅದು ಸಿಗರೇಟಿಂದ ಬರ್ತದಾ, ಅಂಗಿ ಕೊಡವಿದ್ರೆ ಬರ್ತದಾ, ಅದನ್ನೂ ಹೇಳ್ಬುಡಿ."

ಡಾಕ್ಟರ್ ಕಾವಲುಗಾರನನ್ನು ಕೂಗಿದ. ಸೆರಾಫಿಮ್ ಮುರಿದು ಕೂಡಿದ ಕಾಲು ಎಳೆಯುತ್ತ ಬಂದ; ಅಕ್ಕನನ್ನು ನೋಡಿದ, ಸಾಲನ್ನು ನೋಡಿದ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಹೇಳ್ಬುಡಿ ಸ್ವಾಮಿ," ಎಂದ. "ನಾನೂ ಕೇಳ್ಬೇಕು."

ಡಾಕ್ಟರನ ಕೋಟಿನ ಅಂಚು ಇನ್ನೂ ಮೂಗಿನ ಮೇಲಿತ್ತು. ಹೇಳಿದ್ದು ಇವೋನೆ. ಪೊರಕೆಯನ್ನು ಎದೆಗೆ ಅವಚಿಕೊಂಡು, ಸಣ್ಣ ದನಿಯಲ್ಲಿ, ಬಿಡಿಸಿ ಬಿಡಿಸಿ ಆ ಹೆಸರು ಹೇಳಿದಳು. ಸಾಲಿನ ಮೊದಲಿನವನು ಹೇಳಿದ. ಎರಡನೆಯವನು ತಪ್ಪು ಹೇಳಿ ಬೈಸಿಕೊಂಡು ಸರಿ ಹೇಳಿದ. ಪ್ರಾರ್ಥನಾ ಮಂದಿರದಲ್ಲಿ ಹಾಡು ಹಿಂದಿನ ಬೆಂಚಿಗೆ ದಾಟುವಂತೆ ಅದು ಅಂಗಿಯಿಲ್ಲದ ಗಂಡಸರ ಬಾಯಿಂದ ಬಾಯಿಗೆ ದಾಟುತ್ತ ಬಾಗಿಲವರೆಗೂ ಹೋಯಿತು. ನಾನೂ ಹೇಳಿದೆ. ಉಳಿದವನು ಭಾವ.

ಭಾನುವಾರದ ಕೋಟಿನ ಗುಂಡಿ ಬಿಚ್ಚಿ, ಹಾಡು ಎತ್ತಿಕೊಳ್ಳುವ ಮುಂದಿನ ಸಾಲಿನವನ ಹಾಗೆ ತಲೆಯೆತ್ತಿ, ಎಳೆಯಬಹುದಾದಷ್ಟು ಉಸಿರೆಳೆದುಕೊಂಡ.

"ಮೆಸೊ," ಎಂದ. ಉಸಿರು ಮುಗಿಯಿತು. ಒಂದು ಕೈಯನ್ನು ಮೇಜಿನ ಮೇಲೂರಿ, ಇನ್ನೊಂದನ್ನು ಎತ್ತಿ, ಯಾರೂ ಸಹಾಯಕ್ಕೆ ಬರಬೇಡಿ ಎಂದು ಸನ್ನೆ ಮಾಡಿದ.

ನಾವೆಲ್ಲ ಕಾದು ನಿಂತೆವು.